ಖಜೂರಿಯವರಿಗಾಗಿ ಕಡಲ ತಳ ಮುಟ್ಟುವ ವಿಧಾನ

ಬೇಕಾಗುವ ಸಾಮಾನು: ಸಮುದ್ರ, ಒಂದು. ಇದು ಆಳಂದ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಅದರ ಬದಲಿಗೆ ಅಮರ್ಜಾ ಜಲಾಶಯ ನಡೆಯುತ್ತದೆಯೇ ಎಂದು ಕೇಳಬೇಡಿ.

ಉಷ್ಣವಲಯಕ್ಕೆ ರಜೆ ಹಾಕಿ ಹೋಗಿ, ಸ್ಕೂಬಾ ಕಲಿತು ಬನ್ನಿ ಎನ್ನುತ್ತವೆ ಜಾಹೀರಾತುಗಳು. ಉಷ್ಣವಲಯದ ಮಟ್ಟಿಗೆ ಖಜೂರಿಯವರು ಬಸ್ಸು ಹತ್ತಬೇಕಾಗಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗೇ ಇದ್ದೇವೆ. ಮೇ ತಿಂಗಳಲ್ಲಿ ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಇಲ್ಲದ್ದು ನೀರು. ಆದ್ದರಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕಲಬುರಗಿ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು ಮುರ್ಡೇಶ್ವರ ಸೇರಿ. 123 ಅಡಿಯ ಶಿವನಿಗೆ ಕೈಮುಗಿದು ದೋಣಿ ಹತ್ತಿ. ಸುಮಾರು 19 ಕಿ.ಮೀ. ಒಳಗೆ ನೇತ್ರಾಣಿ ದ್ವೀಪವಿದೆ. ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ರೊಟ್ಟಿಯನ್ನು ದಂಡೆಯಲ್ಲೇ ಮಿತವಾಗಿ ಮುಗಿಸಿ. ದೋಣಿಯ ಓಲಾಟದಲ್ಲಿ ಹಿಂಡಿ ಮೇಲೆ ಬಂದರೆ ಮೀನುಗಳ ಹೊರತು ಯಾರಿಗೂ ಸಂತೋಷವಾಗದು.

ಮೊದಲು ಒಂದು ಕಿವಿಮಾತು. ನೇತ್ರಾಣಿಗೆ ಬರುವ ಬಹುಪಾಲು ಜನ ಗುರುವಿನ ಕೈಯಲ್ಲಿ ತಮ್ಮ ಜುಟ್ಟು ಕೊಟ್ಟು ಒಂದು ಸಲ ಮುಳುಗಿ, ವಿಡಿಯೊ ತೆಗೆಸಿಕೊಂಡು ಮರಳುತ್ತಾರೆ. ಅವರಿಗೂ ಬಣ್ಣದ ಕಾಗದ ಸಿಗಬಹುದು. ಅದು ಸನ್ಮಾನಪತ್ರ, ಅರ್ಹತೆಯಲ್ಲ. ಅರ್ಹತೆ ಬೇಕಿದ್ದರೆ ಓಪನ್ ವಾಟರ್ ಕೋರ್ಸಿಗೆ ಮೂರ್ನಾಲ್ಕು ದಿನ ಕೊಡಿ. ಪಾಡಿ ಎಂಬ ಸ್ಕೂಬಾ ತರಬೇತಿ ಸಂಸ್ಥೆಯ ಲೆಕ್ಕದಲ್ಲಿ 10 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಪಾಠ, ಪರೀಕ್ಷೆ, ಈಜುಕೊಳದ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಮುಳುಗು. ನಡುವೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಇಷ್ಟಕ್ಕೆ ಬಾವಿಯಲ್ಲಿ ಬೆಂಡು ಕಟ್ಟಿ ಕಲಿತದ್ದು ಧಾರಾಳ ಸಾಕು.

ಬಾವಿಯ ವಿದ್ಯೆ ಅಲ್ಲಿಗೇ ನಿಲ್ಲಲಿ. ನಮ್ಮ ಕಡೆ ಉಸಿರು ಕಟ್ಟಿ ತಳಕ್ಕಿಳಿದು, ಹಿಡಿ ರಾಡಿ ತಂದು ಮೆಟ್ಟಿಲ ಮೇಲೆ ಒಗೆದವನೇ ಗಂಡು. ಸ್ಕೂಬಾದಲ್ಲಿ ಅವನೇ ಎಲ್ಲರಿಗಿಂತ ಅಪಾಯಕಾರಿ ಶಿಷ್ಯ. ಇಲ್ಲಿಯ ಮೊದಲ ಕಟ್ಟಳೆ ಉಸಿರು ಕಟ್ಟಬಾರದು ಎಂಬುದು. ಬಾವಿಗೆ ಹಾರಿದವನ ಎದೆಯಲ್ಲಿರುವುದು ದಂಡೆಯ ಗಾಳಿ. ಆಳದಲ್ಲಿ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನಿಂದ ಎಳೆದ ಗಾಳಿ ಆಳದ ಒತ್ತಡದ್ದು. 10 ಮೀಟರಿಗೊಮ್ಮೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ, 10 ಮೀಟರ್ ಆಳದಲ್ಲಿ ಎದೆ ತುಂಬಿಕೊಂಡು ಬಾಯಿ ಬಿಗಿದು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟಾಗಿ ಶ್ವಾಸಕೋಶ ಹರಿಯುತ್ತದೆ. ಆದ್ದರಿಂದ ನಿಮಿಷಕ್ಕೆ 9 ಮೀಟರ್ ಮೀರದಂತೆ, ಉಸಿರಾಡುತ್ತಲೇ ಏರಿ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಅವಸರವಿದ್ದರೆ ಕೋರ್ಸಿಗೇ ಬರಬೇಡಿ.

ಬಾಯಲ್ಲಿ ಕಚ್ಚುವ ರೆಗ್ಯುಲೇಟರ್ ರಬ್ಬರಿನ ರುಚಿ ಕೊಡುತ್ತದೆ. ಅದಕ್ಕೆ ಮೂಗು ಮುರಿಯಬೇಡಿ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಗ್ಯಾಸಿನ ಮೇಲೆ ಓಡುತ್ತಿದ್ದ ಕಾರುಗಳಿಗೆಂದು ಎಮಿಲ್ ಗಾನ್ಯಾನ್ ಮಾಡಿದ್ದ ವಾಲ್ವನ್ನೇ 1943ರಲ್ಲಿ ಅವರೂ ಜಾಕ್ ಕುಸ್ತೋ ಅವರೂ ಸೇರಿ ನೀರಿಗಿಳಿಸಿದರು. ಬೆನ್ನ ಮೇಲಿನದನ್ನು ಆಕ್ಸಿಜನ್ ಸಿಲಿಂಡರ್ ಎಂದು ಊರಲ್ಲಿ ಹೇಳಿಕೊಳ್ಳಬೇಡಿ. ಒಳಗಿರುವುದು ಸೋಸಿದ ಮಾಮೂಲಿ ಗಾಳಿ.

ಕಠಿಣವಾದದ್ದು ಮಾಸ್ಕಿನ ಪಾಠ. ಗುರು ನೀರಡಿಯಲ್ಲಿ ನಿಮ್ಮನ್ನು ಮಂಡಿಯೂರಿಸಿ ಮಾಸ್ಕಿಗೆ ನೀರು ಬಿಡಿಸುತ್ತಾರೆ. ಉಪ್ಪುನೀರು ತುಟಿಯ ಮೇಲಿಂದ ಮೂಗಿಗೇರಿ, ಹುಬ್ಬು ಮುಟ್ಟಿ, ಕಣ್ಣು ಉರಿಸುತ್ತದೆ. ಕುಲದೇವರ ನೆನಪಾಗುತ್ತದೆ, ನೆನೆಯಿರಿ. ಅಷ್ಟರಲ್ಲಿ ಮಾಸ್ಕಿನ ಮೇಲಂಚನ್ನು ಹಣೆಗೊತ್ತಿ, ಮೂಗಿನಿಂದ ಜೋರಾಗಿ ಊದಿ. ನೀರು ಕೆಳಗಿನಿಂದ ಹೊರಬೀಳುತ್ತದೆ. ಮತ್ತೆ ಕಂಡ ಗುರು ಇನ್ನೊಂದು ಸಲ ಮಾಡು ಎಂದು ಬೆರಳು ತೋರಿಸುತ್ತಿರುತ್ತಾರೆ. ಖುಷಿಗೆ ಹೆಬ್ಬೆರಳು ಎತ್ತೀರಿ, ಜೋಕೆ! ಆ ಸನ್ನೆಗೆ ಇಲ್ಲಿ 'ಮೇಲೆ ಹೋಗೋಣ' ಎಂದರ್ಥ. ಮರುಗಳಿಗೆ ನಿಮ್ಮನ್ನು ಕರೆದುಕೊಂಡು ಹೊರಟೇಬಿಡುತ್ತಾರೆ.

371(ಜೆ) ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಅಲೆದವರಿಗೆ ಕೋರ್ಸು ಮುಗಿದಾಗ ಸಿಗುವ ಅರ್ಹತೆಯ ಕಾರ್ಡು ಹೂವೆತ್ತಿದಷ್ಟು ಹಗುರ. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಎದೆನೋವು ಮುಚ್ಚಿಡದಿದ್ದರೆ ಸಾಕು. ಕಾರ್ಡಿಗೆ ಅವಧಿ ಇಲ್ಲ. 18 ಮೀಟರ್‌ವರೆಗೆ ಜೊತೆಗಾರನೊಂದಿಗೆ ಜಗತ್ತಿನಲ್ಲೆಲ್ಲೂ ಇಳಿಯಬಹುದು. ಸಾಲಾಗಿ ಮುಳುಗಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು. ನಮಗೆ ಬಸ್ಸೇ ಗತಿ ಎಂದು ನಕ್ಕವರು, ಅದೇ ಸಂಜೆ ಘಟ್ಟ ಏರುವುದೂ ಎತ್ತರಕ್ಕೆ ಹೋಗುವುದೇ ಎಂಬುದನ್ನು ನೆನಪಿಟ್ಟು ರಾತ್ರಿ ಅಲ್ಲೇ ಉಳಿಯಿರಿ.

ಊರಿಗೆ ಮರಳಿದ ಮೇಲಿನ ತೊಂದರೆಗಳು: ಕಾಕಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೆಲ್ಲ ಕಲ್ತು ಬಂದಿ. ನಮ್ಮ ಬಾವ್ಯಾಗ ಫುಟ್‌ವಾಲ್ವ್ ಕಳಚಿ ಬಿದ್ದದ, ತಗದು ಕೊಡು ನೋಡಮು" ಎನ್ನುತ್ತಾರೆ. ಒಪ್ಪಬೇಡಿ. ಕಲಕಿದ ಬಾವಿಯಲ್ಲಿ ಸ್ವಂತ ಕೈಯೂ ಕಾಣದು. ಅಲ್ಲದೆ ಸಿಲಿಂಡರಿಗೆ 200 ಬಾರ್ ಒತ್ತಡದ ಶುದ್ಧ ಗಾಳಿ ಬೇಕು. ಕಾರಿನ ಟೈರಿಗೆ ಎರಡು ಚಿಲ್ಲರೆ ಬಾರ್ ತುಂಬುವ ಪಂಕ್ಚರ್ ಅಂಗಡಿಯವನ ಮುಂದೆ ಅದನ್ನು ಒಯ್ದು ನಿಲ್ಲಿಸಬೇಡಿ, ಅವನು ಪ್ರಯತ್ನಿಸಿಯೇ ಬಿಡುತ್ತಾನೆ. ಹಿಂದಿನ ಓಣಿಯ ಹಳೆಯ ಈಜುಗಾರನನ್ನು ಕರೆಸಿ. ಅವನು ಮುಳುಗಿದಾಗ ದಂಡೆಯ ಮೇಲೆ ಹಗ್ಗ ಹಿಡಿದು ನಿಲ್ಲುವ ಕೆಲಸ ನಿಮ್ಮದು. ಅದಕ್ಕೆ ಕಾರ್ಡು ತೋರಿಸಬೇಕಾಗಿಲ್ಲ.