ಎರಡು ಚಮಚ ಕೊರಿಯಾ

“ಅಲ್ಲಾ ಕಣ್ರೀ, ಎರಡೇ ಎರಡು ಎಸಳು ಬೆಳ್ಳುಳ್ಳಿ, ಬೆರಳುದ್ದ ಶುಂಠಿ, ಒಂದು ಕಡ್ಡಿ ಈರುಳ್ಳಿ ಸೊಪ್ಪು! ಇಷ್ಟನ್ನ ಐಸ್ ಇಟ್ಟು ಮನೆ ಬಾಗಿಲಿಗೆ ಕಳಿಸ್ತಾರಲ್ಲ, ಆ ಊರಲ್ಲಿ ಅಂಗಡಿಗಳಿಗೇನು ಬರವೇ?”

ಪಕ್ಕದ ಮನೆ ಸರೋಜಮ್ಮ ನ್ಯೂಜೆರ್ಸಿಯ ಮಗನ ಮನೆಯಿಂದ ಬಂದ ಮೇಲೆ ಕಾಂಪೌಂಡಿನ ಆಚೆಯಿಂದ ಬರುವ ಮಾತಿನ ವರಸೆಯೇ ಬೇರೆ. ಅಲ್ಲಿ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ವಾರಕ್ಕೊಂದು ಅಳೆದಿಟ್ಟ ಅಡುಗೆ ಸಾಮಾನಿನ ಡಬ್ಬ ಬರುತ್ತದಂತೆ, ಮೀಲ್ ಕಿಟ್ ಅಂತ. ಮಂಗಳವಾರ ಕೊರಿಯಾದ ಬಿಬಿಂಬಾಪ್, ಬುಧವಾರ ಮೆಕ್ಸಿಕೋದ ಟಾಕೋ, ಗುರುವಾರ ಕಾಬೂಲಿ ಕಡಲೆ ಹಾಕಿದ ಮೊರಾಕೋದ ಅಡುಗೆ. ಒಂದೊಂದಕ್ಕೂ ಬೇರೆ ಬೇರೆ ಚೀಲ, ಜೊತೆಗೊಂದು ಕಾರ್ಡು. ಮುಂದೆ ಬಾಯಲ್ಲಿ ನೀರೂರಿಸುವ ಫೋಟೋ, ಹಿಂದೆ ಹಂತ ಹಂತವಾಗಿ ಮಾಡುವ ವಿಧಾನ. ಉಪ್ಪು, ಎಣ್ಣೆ ಮಾತ್ರ ಮನೆಯದು.

“ಥೇಟ್ ಗ್ರಂಧಿಗೆ ಅಂಗಡಿಯವನು ಸತ್ಯನಾರಾಯಣ ಪೂಜೆಗೆ ಕಟ್ಟಿಕೊಡೋ ಪೊಟ್ಟಣ ಅನ್ನಿ,” ಅಂದೆ.

“ಹೂಂ. ಆದ್ರೆ ಅವನು ಮುಂದಿನ ವಾರ ಕೇಳದೇ ಇನ್ನೊಂದು ಪೂಜೆ ಕಳಿಸಲ್ಲ.”

ಚಂದಾ ಅಂದರೆ ಅದೇ ತಾನೇ. ಬೇಡ ಎಂದು ಮೊದಲೇ ಒತ್ತದಿದ್ದರೆ ಬೇಕು ಎಂದೇ ಅರ್ಥ. ಸ್ವೀಡನ್ನಿನಲ್ಲಿ 2007ರ ಹೊತ್ತಿಗೆ ತಲೆಯೆತ್ತಿದ ವ್ಯಾಪಾರ ಇದು. 2011ರಲ್ಲಿ ಬರ್ಲಿನ್‌ನಲ್ಲಿ ಹೆಲೋಫ್ರೆಶ್, ಮರುವರ್ಷ ನ್ಯೂಯಾರ್ಕಿನಲ್ಲಿ ಬ್ಲೂ ಏಪ್ರನ್ ಹುಟ್ಟಿಕೊಂಡವು. ಸಂಜೆ ಆರಕ್ಕೆ ‘ಏನು ಅಡುಗೆ ಮಾಡಲಿ’ ಎಂದು ತಲೆ ಕೆರೆದುಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆ ಪ್ರಶ್ನೆಗೇ ಇವರು ಬೆಲೆ ಕಟ್ಟಿದರು.

ಸರೋಜಮ್ಮನಿಗೆ ಪ್ಯಾಕೆಟ್ಟುಗಳ ಮೇಲೆ ಸಿಟ್ಟು. ಒಂದು ಚಮಚ ಸೋಯಾ ಸಾಸಿಗೂ ಒಂದು ಪ್ಲಾಸ್ಟಿಕ್ಕು! ಸಿಟ್ಟು ಸುಳ್ಳಲ್ಲ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದೇ ಊಟವನ್ನು ಕಿಟ್ಟಿನಿಂದಲೂ ಸೂಪರ್ ಮಾರ್ಕೆಟ್ಟಿನ ಸಾಮಾನಿನಿಂದಲೂ ಮಾಡಿದರೆ ಹೇಗೆಂದು ಹೋಲಿಸಿ ನೋಡಿದರು. ಮಾರ್ಕೆಟ್ಟಿನ ಊಟಕ್ಕೇ ಸರಾಸರಿ ಶೇಕಡಾ 33ರಷ್ಟು ಹೆಚ್ಚು ಹಸಿರುಮನೆ ಅನಿಲ ಹೊರಬಿದ್ದಿತ್ತು. ಕಾರಣ ಸರಳ: ಅಳೆದು ಕಳಿಸಿದ್ದು ಫ್ರಿಜ್ಜಿನ ಮೂಲೆಯಲ್ಲಿ ಕೊಳೆಯುವುದಿಲ್ಲ.

“ಹಾಗಾದ್ರೆ ಒಳ್ಳೇದೇ ಬಿಡಿ,” ಅಂದರು, ಅಷ್ಟು ಸಮಾಧಾನವಿಲ್ಲದೆ.

ನನಗೂ ಇಲ್ಲ. ಏನೂ ಉಳಿಯದಿರುವುದೇ ನನ್ನ ತಕರಾರು. ಬಿಬಿಂಬಾಪ್ ಅನ್ನಕ್ಕೆ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನ ಪೇಸ್ಟು ಹಾಕುತ್ತಾರೆ. ಎರಡು ಚಮಚ ಬಂತು, ಎರಡು ಚಮಚ ಹೋಯಿತು. ಮುಂದಿನ ವಾರ ಥಾಯ್ಲೆಂಡು, ಅದರಾಚೆ ವಾರ ಗ್ರೀಸು. ಊರೂರು ಸುತ್ತಿದ ನೆಂಟನಿಗೆ ಒಂದು ಊರಿನ ಬೀದಿಯೂ ನೆನಪಿರುವುದಿಲ್ಲ.

ಪರದೇಶದ ರುಚಿ ನಮ್ಮದಾಗುವುದು ಮಿಕ್ಕಿದ್ದರಿಂದ. ಮೆಣಸಿನಕಾಯಿಯನ್ನೇ ನೋಡಿ. ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅವರು ಎರಡು ಚಮಚ ಅಳೆದು ಕೊಟ್ಟು, ಮುಂದಿನ ವಾರಕ್ಕೆ ಬೇರೆ ಪದಾರ್ಥ ತಂದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಎಲ್ಲಿರುತ್ತಿತ್ತು? ಬೀಜ ಉಳಿಯಿತು, ಹಿತ್ತಲಲ್ಲಿ ಬಿತ್ತು, ಕಾಳುಮೆಣಸಿನ ಸಾರಿದ್ದ ಊರಲ್ಲಿ ಹುಳಿಪುಡಿ ಕೆಂಪಾಯಿತು. ಅದೇ ಗಿಡ ಕೊರಿಯಾಕ್ಕೂ ಹೋಗಿ ಅಲ್ಲಿ ಗೊಚುಜಾಂಗ್ ಆಯಿತು. ಯಾವ ಕಾರ್ಡೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಸಾಮಾನು ಮಿಕ್ಕಿದ್ದಾಗ ಕೈ ಸುಮ್ಮನಿರುವುದಿಲ್ಲ, ಅಷ್ಟೇ.

ಆದ್ದರಿಂದ ಮಕ್ಕಳಿಗೆ ಬುದ್ಧಿ ಹೇಳುವುದಾದರೆ ನಾನು ಹೇಳುವುದಿಷ್ಟು: ಡಬ್ಬ ತರಿಸಿ, ಬೇಡವೆನ್ನುವುದಿಲ್ಲ; ನಾಲಿಗೆ ಹಿಡಿದ ಒಂದು ರುಚಿಯನ್ನು ಗುರುತು ಹಾಕಿಕೊಂಡು, ಆ ದೇಶದವರ ಅಂಗಡಿಗೆ ಹೋಗಿ ಸೀಸೆಗಟ್ಟಲೆ ತನ್ನಿ. ಆಮೇಲೆ ಚಂದಾ ನಿಲ್ಲಿಸಿದರೂ ನಷ್ಟವಿಲ್ಲ.

“ನನ್ನ ಸೊಸೆ ಅದನ್ನೇ ಮಾಡಿದ್ಲು,” ಅಂದರು ಸರೋಜಮ್ಮ. “ಕೊರಿಯದವರ ಅಂಗಡೀಲಿ ದೊಡ್ಡ ಡಬ್ಬ ತಂದ್ಲು. ನಾನು ಅಕ್ಕಿರೊಟ್ಟಿ ಹಿಟ್ಟಿಗೆ ಒಂದು ಚಮಚ ಕಲಸಿದೆ. ಮಗ ಮೂರು ತಿಂದ. ನೀವು ಮಾಡೋದಾದ್ರೆ ಉಪ್ಪು ಕಮ್ಮಿ ಹಾಕಿ, ಅದ್ರಲ್ಲೇ ಇರುತ್ತೆ.”