ಹತ್ತೊಂಬತ್ತನೇ ಗೇಟು ಮತ್ತು ನನ್ನ ಎಲ್‌ಡಿಎಲ್

76 ವರ್ಷ ನನ್ನನ್ನು ಹೆಸರು ಹಿಡಿದು ಕರೆದ ಕೊಪ್ಪಳ, ಹೋದ ತಿಂಗಳಿಂದ ‘248’ ಎಂದು ಕರೆಯುತ್ತಿದೆ.

ಆದದ್ದಿಷ್ಟು. ಬೆಂಗಳೂರಿನ ಮಗ ಅಪ್ಪನ ಹುಟ್ಟುಹಬ್ಬಕ್ಕೆ ಧೋತರ ಕೊಡಿಸುವ ಬದಲು ‘ಫುಲ್ ಬಾಡಿ ಪ್ಯಾಕೇಜ್’ ಕೊಡಿಸಿದ. ಬೆಳಗ್ಗೆ ಒಬ್ಬ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆಗೆ ಇಪ್ಪತ್ತು ಪುಟದ ರಿಪೋರ್ಟು ಮಗನ ಮೊಬೈಲಿಗೆ ಬಂತು, ಅಲ್ಲಿಂದ ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು, ಎಲ್ಲರೂ ಓದಿಯಾದ ಮೇಲೆ ನನಗೆ ಮುಟ್ಟಿತು. ಒಟ್ಟು ಕೊಲೆಸ್ಟ್ರಾಲ್ 248, ಅದರಲ್ಲಿ ‘ಕೆಟ್ಟದ್ದು’ ಎನಿಸಿಕೊಂಡ ಎಲ್‌ಡಿಎಲ್ 162. ಎರಡರ ಪಕ್ಕದಲ್ಲೂ ಕೆಂಪು ಬಾಣ. ಪುಟದ ಕೆಳಗೆ ನಗುತ್ತಿರುವ ಹೃದಯದ ಚಿತ್ರ. ನನ್ನ ಹೃದಯ ಈ ಸ್ಥಿತಿಯಲ್ಲಿರುವಾಗ ಅದು ನಗುತ್ತಿದ್ದುದೇಕೆ ಎಂದು ನೋಡಿದರೆ, ಮುಂದಿನ ಪ್ಯಾಕೇಜಿನ ರಿಯಾಯಿತಿ ದರ ಅಲ್ಲೇ ಇತ್ತು.

ಈಗ ಪ್ರಶ್ನೆ: ಈ ವಯಸ್ಸಿನಲ್ಲಿ ನಾನು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಶುರು ಮಾಡಬೇಕೋ ಬೇಡವೋ? ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕೆ ಉತ್ತರ ಗೊತ್ತಿಲ್ಲದವನು ನಾನೊಬ್ಬನೇ.

ಕೊಪ್ಪಳದ ಉತ್ತರ ಮಿರ್ಚಿ ಬಂಡಿಯವನದು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿದು. “ಮಿರ್ಚ್ಯಾಗ ಕೊಲೆಸ್ಟ್ರಾಲ್ ಇರೂದಿಲ್ರೀ ಕಾಕಾ” ಎಂದ. ಮಾತು ನಿಜವೇ. ಕಡಲೆಹಿಟ್ಟು, ಮೆಣಸಿನಕಾಯಿ, ಎಣ್ಣೆ, ಗಿಡದಿಂದ ಬಂದ ಯಾವುದರಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಅದನ್ನು ತಯಾರಿಸುವ ಕಾರ್ಖಾನೆ ನಮ್ಮ ಲಿವರಿನಲ್ಲೇ ಇದೆ. ಮಿರ್ಚಿ ಕರಿಯುವ ಪಾಮೆಣ್ಣೆಯ ಗಟ್ಟಿ ಕೊಬ್ಬು ರಕ್ತದ ಎಲ್‌ಡಿಎಲ್ ಏರಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಇನ್ನು ಮಠದ ಜಾತ್ರೆ ವರ್ಷಕ್ಕೊಮ್ಮೆ. ನನ್ನ ಜಾತ್ರೆ ದಿನಾ ಸಂಜೆ ಐದಕ್ಕೆ.

ಯಲಬುರ್ಗಾದ ಉತ್ತರ ದೊಡ್ಡವ್ವನದು. ವಯಸ್ಸು 93, ಎರಿ ಹೊಲದ ಬಿಳಿಜೋಳದ ರೊಟ್ಟಿ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. “ಹುಟ್ಟಿದಾಗಿಂದ ಒಂದು ಗುಳಿಗಿ ನುಂಗಿಲ್ಲೋ ತಮ್ಮಾ, ನನಗೇನಾಗೇತಿ?” ಎಂದಳು. ಏನೂ ಆಗಿಲ್ಲ. ಅದೇ ಬೆಣ್ಣೆ ತಿಂದ ದೊಡ್ಡಪ್ಪ 54ಕ್ಕೇ ಎದೆ ಹಿಡಿದುಕೊಂಡು ಹೋದ. ಅವನ ಫೋಟೋ ಅವಳ ತಲೆಯ ಮೇಲೇ ಇತ್ತು. ಫೋಟೋಗಳು ಸಲಹೆ ಕೊಡುವುದಿಲ್ಲ. ಕಟ್ಟೆಯ ಮೇಲೆ ಕೂತು ಆರೋಗ್ಯದ ಗುಟ್ಟು ಹೇಳುವವರೆಲ್ಲ ಬದುಕಿ ಉಳಿದವರೇ.

ಗಂಗಾವತಿಯ ಉತ್ತರ ಬೀಗರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ, ಸ್ವಂತ ಅಕ್ಕಿ ವ್ಯಾಪಾರ. “ಎಲ್ಲಾ ಕೆಮಿಕಲ್ ಅದಾವ್ರೀ ಬೀಗರ, ಲಿವರ್ ಹೊಡಿತಾವು” ಎಂದರು, ಗುಟ್ಕಾದ ಚೀಟಿ ಹರಿಯುತ್ತ. ಅವರಿಗೆ ಈ ಕೆಮಿಕಲ್ಲಿನ ತವರುಮನೆ ಹೇಳಿದೆ. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ ಆರು ಸಾವಿರ ಬಗೆಯ ಬೂಷ್ಟುಗಳನ್ನು ಸೋಸಿ ನೋಡಿ, 1973ರಲ್ಲಿ ಮೊದಲ ಸ್ಟ್ಯಾಟಿನ್ ಹುಡುಕಿದ್ದು ಅಕ್ಕಿಗೆ ಹತ್ತಿದ ಬೂಷ್ಟಿನಲ್ಲಿ, ಅದೂ ಕ್ಯೋಟೋದ ಒಂದು ದಿನಸಿ ಅಂಗಡಿಯ ಅಕ್ಕಿ. ಬೀಗರ ಮುಖ ಸಣ್ಣದಾಯಿತು. ಬೂಷ್ಟು ಹಿಡಿದ ಅಕ್ಕಿಯನ್ನು ಅವರೂ ಜೀವಮಾನದಲ್ಲಿ ಎಷ್ಟೋ ಚೀಲ ಕಂಡಿದ್ದಾರೆ. ಎಂಡೋ ಪ್ರಯೋಗಾಲಯಕ್ಕೆ ಒಯ್ದರು, ಇವರು ಇನ್ನೊಮ್ಮೆ ಪಾಲಿಶ್ ಮಾಡಿಸಿ ಮಾರಿದರು.

ಕುಷ್ಟಗಿಯ ಉತ್ತರ ಮಾತಿನಲ್ಲಿ ಬರಲಿಲ್ಲ, ಬಸ್ಸಿನಲ್ಲಿ ಬಂತು. ಅಲ್ಲಿಯ ಭಾವನವರಿಗೆ ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದರು. ಗುಳಿಗೆ ನುಂಗಿ ಎಲ್‌ಡಿಎಲ್ 68ಕ್ಕೆ ಇಳಿಯಿತು. ‘ನಾರ್ಮಲ್ ಬಂತು’ ಎಂದು ಅವತ್ತೇ ಗುಳಿಗೆ ನಿಲ್ಲಿಸಿದರು. ಉಳಿದ ಮೂರು ಸ್ಟ್ರಿಪ್ಪುಗಳನ್ನು ಕಂಡಕ್ಟರನ ಕೈಯಲ್ಲಿ ನನಗೆ ಕಳಿಸಿ ಫೋನ್ ಮಾಡಿದರು: “ರೊಕ್ಕ ಕೊಟ್ಟಿದ್ದು ಹಾಳಾಗಬಾರದು, ನಿಮಗರ ಬರಲಿ.”

ಎಲ್ಲರ ಸಲಹೆ ಮುಗಿದ ಮೇಲೆ ಕಟ್ಟಕಡೆಗೆ ಡಾಕ್ಟರ ಬಳಿ ಹೋದೆ. ಅವರು ಕೆಂಪು ಬಾಣದ ಪುಟಗಳನ್ನು ಮಡಿಚಿ ಪಕ್ಕಕ್ಕಿಟ್ಟು, ರಿಪೋರ್ಟಿನಲ್ಲಿ ಇಲ್ಲದ್ದನ್ನೆಲ್ಲ ಕೇಳತೊಡಗಿದರು. ಹಾರ್ಟ್ ಅಟ್ಯಾಕ್ ಆಗಿತ್ತೇ? ಲಕ್ವ ಹೊಡೆದಿತ್ತೇ? ಶುಗರ್? ದಿನಾ ಎಷ್ಟು ನಡೆಯುತ್ತೀರಿ? ಬಿಪಿ ನೋಡಿದರು, 158. ಕೊನೆಯ ಪ್ರಶ್ನೆ: “ಬಾಯಾಗ ಏನೈತಿ?” ಎಲೆ, ಅಡಿಕೆ, ಚಿಟಿಕೆ ತಂಬಾಕು. ಐವತ್ತು ವರ್ಷದ ಸಂಗಾತಿ. ಅದಕ್ಕೆ ಯಾವ ಪ್ಯಾಕೇಜಿನಲ್ಲೂ ಬಾಣವಿಲ್ಲ. ಗಿಣಿಗೇರಿ ಕಡೆಯ ಕಾರ್ಖಾನೆಗಳ ದೂಳಿಗೂ ಇಲ್ಲ. ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರವರಿ 24ರಂದು ಇಡೀ ಕೊಪ್ಪಳ ಬಂದ್ ಮಾಡಿತು; ನಮ್ಮ ರಕ್ತನಾಳಗಳಿಗೆ ಮಾತ್ರ ಅವತ್ತೂ ರಜೆ ಸಿಕ್ಕಿರಲಿಕ್ಕಿಲ್ಲ.

ಭಾವನವರ ಕಾಣಿಕೆಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಎದ್ದು ನಿಂತರು.

“ಮುನಿರಾಬಾದ್ ಡ್ಯಾಮಿನ 19ನೇ ಗೇಟು ನೆನಪೈತಿಲ್ಲೋ?”

ಯಾರಿಗೆ ನೆನಪಿಲ್ಲ? 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಿತ್ತು ಗೇಟು ಕೊಚ್ಚಿಹೋಯಿತು. 70 ವರ್ಷ ದಾಟಿದ ತುಂಗಭದ್ರಾ ಅಣೆಕಟ್ಟು. ಮುಂದಿನ ವಾರವಿಡೀ ಚಹಾದಂಗಡಿಗೊಬ್ಬ ಎಂಜಿನಿಯರ್ ಹುಟ್ಟಿದ್ದ. ಹರಿವ ನೀರಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿದರು, ಆಮೇಲೆ 33 ಗೇಟುಗಳನ್ನೂ ಬದಲಿಸಬೇಕೆಂದು ತೀರ್ಮಾನವಾಯಿತು.

“ನಿಮ್ಮ ಭಾವನವರದು ಗೇಟು ಕಿತ್ತ ಡ್ಯಾಮು. ಸ್ಟೆಂಟ್ ಅಂದ್ರ ಸ್ಟಾಪ್‌ಲಾಗ್, ಅಷ್ಟ. ನೀರು ನಿಂತ್ರ ಉಳಿದ 32 ಗೇಟು ನೋಡೂದು ಬಿಡ್ತಾರೇನು? ಇಂಥವರ ಎಲ್‌ಡಿಎಲ್ 55ರ ಕೆಳಗ ಇರಲಿ ಅಂತ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಾಗ ಹೇಳೇತಿ. ಅವರಿಗೆ ಗುಳಿಗಿ ಬೇಕೋ ಬ್ಯಾಡೋ ಅನ್ನೂ ಚರ್ಚೆನ ಇಲ್ಲ.”

“ಮತ್ತ ನನಗ?”

“ನಿಮ್ಮದು ಇನ್ನೂ ಕಿತ್ತಿಲ್ಲ.”

ಕೀಳದ ಗೇಟಿನ ವಿಷಯದಲ್ಲೇ ಇಡೀ ಜಗತ್ತು ತಲೆ ಕೆರೆದುಕೊಳ್ಳುತ್ತಿದೆ. ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ 40ರಿಂದ 75ರವರೆಗಿನವರಿಗೆ ಲೆಕ್ಕ ಹಾಕಿ ದಾರಿ ಹೇಳಿತು. ಹೃದಯದ ಕಾಯಿಲೆ ಇಲ್ಲದ, 76 ತುಂಬಿದವರಿಗೆ ಹೊಸದಾಗಿ ಶುರು ಮಾಡಬೇಕೋ ಬೇಡವೋ ಹೇಳಲು ಸಾಕ್ಷ್ಯ ಸಾಲದು ಎಂದಿತು. ಮಗ ಈ ಉಡುಗೊರೆಯನ್ನು ಹೋದ ವರ್ಷವೇ ಕೊಟ್ಟಿದ್ದರೆ ನನಗೊಂದು ಉತ್ತರ ಸಿಗುತ್ತಿತ್ತು.

“ಕಾಲು ಹಿಡಿತಾವಂತಲ್ರೀ?” ಎಂದೆ. ಕೆಲವರಿಗೆ ಸ್ನಾಯು ನೋಯುವುದು ನಿಜ, ಶುಗರ್ ತುಸು ಏರುವುದೂ ಉಂಟು ಎಂದು ಒಪ್ಪಿ, ಇಂಗ್ಲೆಂಡಿನ ಒಂದು ಪ್ರಯೋಗ ಹೇಳಿದರು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ನಿಜ ಗುಳಿಗೆ, ಕೆಲವು ತಿಂಗಳು ಹುಸಿ ಗುಳಿಗೆ, ಕೆಲವು ತಿಂಗಳು ಖಾಲಿ ಬಾಟಲಿ ಕೊಟ್ಟರು. 2020ರಲ್ಲಿ ಫಲಿತಾಂಶ ಬಂತು: ನಿಜ ಗುಳಿಗೆ ಕೊಟ್ಟ ತೊಂದರೆಯಲ್ಲಿ ನೂರಕ್ಕೆ 90 ಪಾಲನ್ನು ಹುಸಿ ಗುಳಿಗೆಯೂ ಕೊಟ್ಟಿತ್ತು. ನಾನು ನಂಬಿದೆ. ವಾಟ್ಸಾಪ್ ಓದಿದ ದಿನದಿಂದ ನನ್ನ ಮೊಣಕಾಲು ನೋಯುತ್ತಿದ್ದವು. ಗುಳಿಗೆ ಇನ್ನೂ ಸ್ಟ್ರಿಪ್ಪಿನಲ್ಲೇ ಇತ್ತು.

“ತಗೊಂಡ್ರ ತಪ್ಪಲ್ಲ, ಬಿಟ್ರ ಪಾಪ ಅಲ್ಲ. ಲಾಭ ಕಾಣಾಕ ಕೆಲವು ವರ್ಷ ಬೇಕು. ಎಷ್ಟು ಗುಳಿಗಿ ನುಂಗಾಕ ತಯಾರಿದ್ದೀರಿ, ನಿಮಗ ಸಾವಿನ ಅಂಜಿಕಿ ಹೆಚ್ಚೋ, ಲಕ್ವ ಹೊಡದು ಮೂಲ್ಯಾಗ ಬೀಳೂ ಅಂಜಿಕಿ ಹೆಚ್ಚೋ, ವಿಚಾರ ಮಾಡ್ರಿ. ಮೊದಲ ಬಿಪಿ ಇಳಸೂಣು, ತಂಬಾಕ ಉಗುಳ್ರಿ. ಮೂರು ತಿಂಗಳ ಬಿಟ್ಟು ಇಬ್ಬರೂ ಕೂತು ತೀರ್ಮಾನ ಮಾಡೂಣು.”

ಇಪ್ಪತ್ತು ಪುಟಗಳಲ್ಲಿ ಯಾರೂ ಕೇಳದ ಪ್ರಶ್ನೆಗಳಿವು. ಉಗುಳಿದೆ.

ಹೋದ ವಾರ ಕುಷ್ಟಗಿಗೆ ಹೋಗಿ ಮೂರೂ ಸ್ಟ್ರಿಪ್ಪುಗಳನ್ನು ಭಾವನವರ ಕೈಗಿಟ್ಟು ಗೇಟಿನ ಕತೆ ಹೇಳಿದೆ. ಡ್ಯಾಮು ಅಂದ ಮೇಲೆ ಕೇಳದ ರೈತನುಂಟೇ? ಆ ರಾತ್ರಿಯೇ ಒಂದು ನುಂಗಿದರು. ನೀರು ಕುಡಿದು ಕೇಳಿದರು: “ಈಗ ನಿಮ್ಮದೆಷ್ಟೈತಿ?”

ತಂಬಾಕು ಬಿಟ್ಟು ಹನ್ನೊಂದು ದಿನವಾಗಿತ್ತು. “ಹನ್ನೊಂದು” ಎಂದೆ.

ಬೆಳಗಾಗುವಷ್ಟರಲ್ಲಿ ಸುದ್ದಿ ವಾಟ್ಸಾಪ್ ಗುಂಪಿಗೆ ಮುಟ್ಟಿತ್ತು. ನಲವತ್ತು ಮಂದಿ ಕೈಮುಗಿದಿದ್ದರು. ಗಂಗಾವತಿಯ ಬೀಗರು ಮಾತ್ರ ಖಾಸಗಿಯಾಗಿ ಬರೆದಿದ್ದರು: “248ರಿಂದ 11! ಯಾವ ಗುಳಿಗಿ ರೀ ಬೀಗರ? ನಮಗೂ ಒಂದಿಷ್ಟು ಕಳಸ್ರಿ.”