ಬಂಡಾಯಕ್ಕೆ ರಾತ್ರಿ ಹತ್ತರವರೆಗೆ ಅನುಮತಿ

ದೇಶದಲ್ಲಿ ಅತ್ಯಂತ ವಿಧೇಯ ಪ್ರಜೆ ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ: ಊರೂರು ತಿರುಗುವ ರಾಕ್ ಬ್ಯಾಂಡಿನ ಹುಡುಗ. ಭುಜ ದಾಟಿದ ಕೂದಲು, ತಲೆಬುರುಡೆಯ ಕಪ್ಪು ಟೀ ಶರ್ಟು, ಮೊಣಕೈವರೆಗೆ ಹಚ್ಚೆ, ವ್ಯವಸ್ಥೆಯನ್ನೇ ಸುಟ್ಟು ಬೂದಿ ಮಾಡುವ ಹಾಡು. ಇಷ್ಟಕ್ಕೆ ಹೆದರಬೇಡಿ. ಕಾಲೇಜಿನ ವಾಚ್‌ಮನ್ "ಗಾಡಿ ಆ ಕಡೆ ಹಚ್ಚ್ರಿ" ಅಂದರೆ ಎಲ್ಲರಿಗಿಂತ ಮೊದಲು "ಸರಿ ಸರ್" ಅನ್ನುವವನು ಅವನೇ.

ಈ ವಿಧೇಯತೆಯ ತರಬೇತಿ ಶುಕ್ರವಾರ ಸಂಜೆಯೇ ಶುರುವಾಗುತ್ತದೆ. ಬೆಂಗಳೂರಿನ ಹುಡುಗರಿಗೆ ಹುಬ್ಬಳ್ಳಿ ಕಡೆಯ ಯಾವುದೋ ಕಾಲೇಜಿನ ಫೆಸ್ಟಿಗೆ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ಗಾಯಕ ತನ್ನ ಮ್ಯಾನೇಜರಿಗೆ ಅಜ್ಜಿಯ ಆರೋಗ್ಯದ ಕಥೆ ಹೇಳಿ ರಜೆ ಪಡೆಯುತ್ತಾನೆ. ಬೇಸ್ ಗಿಟಾರಿನವನು ಲ್ಯಾಪ್‌ಟಾಪ್ ಜೊತೆಗೇ ಹೊರಡುತ್ತಾನೆ, ಮೇಲಿನ ಬರ್ತಿನಲ್ಲಿ ಮಲಗಿಕೊಂಡೇ ಅರಸೀಕೆರೆವರೆಗೂ ಮೀಟಿಂಗಿನಲ್ಲಿರುತ್ತಾನೆ. ಸಂಘಟಕರು ಕೊಟ್ಟಿರುವುದು ಸ್ಲೀಪರ್ ದರ. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತ ಎಂಬ ನಿಯಮ ಬ್ಯಾಂಡಿನ ಐವರಿಗೂ ಬಾಯಿಪಾಠ. ಆದರೂ ಟಿಕೆಟ್ ನೋಡಲು ಬಂದವರು ಸೀಟಿನಡಿಯ ಗುಂಡನೆಯ ಪೆಟ್ಟಿಗೆಗಳನ್ನು ನೋಡಿ ನಿಲ್ಲುತ್ತಾರೆ.

"ಏನ್ರೀ ಇದು?"

"ಡ್ರಮ್ಸ್ ಸರ್. ಬ್ಯಾಂಡು."

"ಓ, ಬ್ಯಾಂಡ್ ಸೆಟ್ಟಾ? ಯಾರ ಮದುವೆ?"

ಹುಡುಗರಿಗೆ ಅವಮಾನವಾಗುತ್ತದೆ. ಆಗಬಾರದು. ಮದುವೆಯ ಬ್ಯಾಂಡ್ ಸೆಟ್ಟಿನವರಿಗೆ ಮುಂಗಡ ಸಿಗುತ್ತದೆ, ಪಂಕ್ತಿಯಲ್ಲಿ ಹೋಳಿಗೆ ಊಟ ಸಿಗುತ್ತದೆ, ವರನ ಸೋದರಮಾವ ಕುಣಿದು ಖುಷಿಯಾದರೆ ಮೇಲೆ ಐನೂರರ ನೋಟೂ ಬೀಳುತ್ತದೆ.

ಬ್ಯಾಂಡು ಮುಂಚಿತವಾಗಿ ಸಂಘಟಕರಿಗೆ ತನ್ನ ಅಗತ್ಯಗಳ ಪಟ್ಟಿ ಕಳಿಸುವ ಸಂಪ್ರದಾಯವಿದೆ. ರೈಡರ್ ಅನ್ನುತ್ತಾರೆ. 1982ರ ಪ್ರವಾಸದಲ್ಲಿ ಅಮೆರಿಕದ ವ್ಯಾನ್ ಹೇಲನ್ ಬ್ಯಾಂಡು, ತಮಗಿಡುವ ಎಂ ಅಂಡ್ ಎಂ ಮಿಠಾಯಿಯಲ್ಲಿ ಕಂದು ಬಣ್ಣದವು ಒಂದೂ ಇರಕೂಡದು ಎಂದು ಬರೆದಿತ್ತು. ಕೊಬ್ಬು ಎಂದು ಜನ ನಕ್ಕರು. ಅದು ಕೊಬ್ಬಲ್ಲ, ಪರೀಕ್ಷೆ. ಬಟ್ಟಲಿನಲ್ಲಿ ಕಂದು ಮಿಠಾಯಿ ಕಂಡರೆ ಆ ಪುಣ್ಯಾತ್ಮ ಕರಾರು ಓದಿಲ್ಲ ಎಂದರ್ಥ. ಹಾಗಾದರೆ ವೇದಿಕೆಯ ಭಾರ, ವಿದ್ಯುತ್ತಿನ ಲೆಕ್ಕವನ್ನೂ ನೋಡಿರಲಾರ. ನಮ್ಮ ಹುಡುಗರು ಮಿಠಾಯಿ ಕೇಳುವುದಿಲ್ಲ. ಎರಡು ಗಿಟಾರ್ ಆಂಪ್, ಒಂದು ಬೇಸ್ ಆಂಪ್, ನಾಲ್ಕು ಮಾನಿಟರ್, ಹನ್ನೆರಡು ಬಾಟಲಿ ನೀರು. ಪಟ್ಟಿ ತಲುಪಿದ ಕೂಡಲೇ ಆ ಕಡೆಯಿಂದ ಹೆಬ್ಬೆಟ್ಟಿನ ಚಿತ್ರ ಬರುತ್ತದೆ. ಓದದೆ ಹೆಬ್ಬೆಟ್ಟು ಒತ್ತುವ ಪದ್ಧತಿ ನಮ್ಮಲ್ಲಿ ಹಳೆಯದು. ಅಲ್ಲಿ ಹೋಗಿ ನೋಡಿದರೆ ಇರುವುದು ಒಂದೇ ಆಂಪು, ಅದರ ಮೇಲೆ ಗಣೇಶನ ಸ್ಟಿಕ್ಕರು. ಡ್ರಮ್ಮರಿಗೆ ಪ್ಲಾಸ್ಟಿಕ್ ಕುರ್ಚಿ. ಹನ್ನೆರಡು ಬಾಟಲಿ ನೀರು ಮಾತ್ರ ಖಂಡಿತ ಬಂದಿರುತ್ತದೆ, ಗಣ್ಯರ ಮೇಜಿಗೆ.

ಮಧ್ಯಾಹ್ನ ಮೂರಕ್ಕೆ ಸೌಂಡ್ ಚೆಕ್ ಅಂದಿರುತ್ತಾರೆ. ಸೌಂಡಿನವರು ಆರಕ್ಕೆ ಬರುತ್ತಾರೆ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ. "ಎರಡೇ ಮಾತು" ಎಂದು ಎದ್ದ ಅತಿಥಿಗಳು ನಲವತ್ತು ನಿಮಿಷ ಯುವಶಕ್ತಿಯ ಬಗ್ಗೆ ಮಾತನಾಡುತ್ತಾರೆ. ಆ ಶಕ್ತಿ ವೇದಿಕೆಯ ಹಿಂದೆ ಕೇಬಲ್ ಸುರುಳಿಯ ಮೇಲೆ ಕೂತು ತೂಕಡಿಸುತ್ತಿರುತ್ತದೆ. ಬ್ಯಾಂಡು ವೇದಿಕೆ ಏರುವಾಗ ಒಂಬತ್ತೂ ಇಪ್ಪತ್ತು.

ಮೊದಲ ಹಾಡಿಗೇ ಗಾಯಕನ ತುಟಿಗೆ ಕರೆಂಟು ಹೊಡೆಯುತ್ತದೆ. ಜನರೇಟರಿನ ಅರ್ಥಿಂಗ್ ಸರಿಯಿಲ್ಲದಿದ್ದರೆ ಹೀಗಾಗುತ್ತದೆ: ಬೆರಳು ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಯ ಮೇಲೆ, ನಡುವೆ ಗಾಯಕನೇ ವಯರು. ಅವನು ಬೆಚ್ಚಿಬಿದ್ದು ಹಾರುತ್ತಾನೆ. ಜನ ಶಿಳ್ಳೆ ಹೊಡೆಯುತ್ತಾರೆ. ಅನುಭವಿ ಗಾಯಕ ಮೈಕಿಗೆ ಕರ್ಚೀಫು ಸುತ್ತಿಕೊಳ್ಳುತ್ತಾನೆ. ಮುಂದಿನ ಸಾಲಿನ ಹುಡುಗರು ಅದನ್ನೂ ಸ್ಟೈಲ್ ಎಂದು ಫೋಟೋ ತೆಗೆಯುತ್ತಾರೆ. ನಡುವೆ ಯಾರೋ ಕೂಗುತ್ತಾರೆ: "ಗುರೂ, ಅಪ್ಪು ಸಾಂಗ್ ಹಾಡು!" ಎರಡು ವರ್ಷ ಕೂತು ಬರೆದ ಸ್ವಂತ ಹಾಡುಗಳು ಮಡಚಿಕೊಂಡು ಜೇಬಿಗೆ ಹೋಗುತ್ತವೆ.

ಅಷ್ಟರಲ್ಲಿ ಹತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳೆಂದು ವರ್ಷಕ್ಕೆ 15 ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ. ರಾಕ್ ಸಂಗೀತ ಸಂಸ್ಕೃತಿಯೋ ಅಲ್ಲವೋ ಎಂಬುದನ್ನು ಪೊಲೀಸ್ ಜೀಪು ಗೇಟಿನಲ್ಲೇ ತೀರ್ಮಾನಿಸುತ್ತದೆ. ಇಷ್ಟಾದರೂ ಹುಡುಗರು ಇನ್ನೊಂದು ಹಾಡಿಗೆ ಕೈ ಮುಗಿಯುತ್ತಾರೆ. ಮುಗಿಯುವುದು ಪೊಲೀಸರಿಗಲ್ಲ, ಪ್ರಿನ್ಸಿಪಾಲರಿಗಲ್ಲ, ಜನರೇಟರಿನವನಿಗೆ.

"ಅಣ್ಣಾ, ಇನ್ನೊಂದೇ ಒಂದು."

"ಡೀಸೆಲ್ ರೊಕ್ಕ ಯಾರ್ ಕೊಡ್ತಾರೋ ತಮ್ಮಾ?"

ಮೈದಾನ ಕತ್ತಲಾಗುತ್ತದೆ. ವ್ಯವಸ್ಥೆಯನ್ನು ಸುಡುವ ಹಾಡು ಎರಡನೇ ಚರಣದಲ್ಲಿ ಆರುತ್ತದೆ.

ಇನ್ನು ದುಡ್ಡು. ಶಾಮಿಯಾನಕ್ಕೆ ಕೊಟ್ಟಾಗಿದೆ. ಫ್ಲೆಕ್ಸಿಗೆ, ಶಾಲು ಹಾರಕ್ಕೆ, ನೆನಪಿನ ಕಾಣಿಕೆಗೆ ಕೊಟ್ಟಾಗಿದೆ. ಜನರೇಟರಿನವನಿಗೆ ಅರ್ಧ ಮುಂಗಡ, ಉಳಿದರ್ಧ ಸ್ವಿಚ್ ಒತ್ತುವ ಮೊದಲು. ಬ್ಯಾಂಡಿಗೆ? "ಪ್ರಿನ್ಸಿಪಾಲ್ ಸಹಿ ಆಗ್ಬೇಕು ಬ್ರೋ." ಸಹಿ ಆಗುವಾಗ ಇನ್ನೊಂದು ಫೆಸ್ಟು ಬಂದಿರುತ್ತದೆ. ಬಂದ ಮೊತ್ತದಲ್ಲಿ ಶೇ. 10 ಟಿಡಿಎಸ್ ಮಾತ್ರ ಕಾಲಕ್ಕೆ ಸರಿಯಾಗಿ ಕಡಿತವಾಗಿರುತ್ತದೆ. ಗೊಣಗಿದರೆ ಇತಿಹಾಸದ ಪಾಠ: "ಬೀಟಲ್ಸ್‌ನವರೂ ಕಷ್ಟಪಟ್ಟವರೇ ಬ್ರೋ." ನಿಜ. 1960ರಲ್ಲಿ ಹ್ಯಾಂಬರ್ಗಿಗೆ ಹೋದ ಆ ಹುಡುಗರು ಬಾಂಬಿ ಕಿನೋ ಎಂಬ ಸಿನಿಮಾ ಟಾಕೀಸಿನ ಪರದೆಯ ಹಿಂದೆ, ಶೌಚಾಲಯದ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರು. ಆದರೆ ಅಲ್ಲಿನ ಕ್ಲಬ್ಬಿನ ಮಾಲೀಕ ತಲೆಗೆ ದಿನಕ್ಕೆ 30 ಮಾರ್ಕ್ ಎಂದು ಕರಾರು ಮಾಡಿಕೊಂಡಿದ್ದ. ನಮ್ಮವರು ಆ ಇತಿಹಾಸದಿಂದ ಶೌಚಾಲಯವನ್ನಷ್ಟೇ ಆರಿಸಿಕೊಂಡಿದ್ದಾರೆ.

ಹಾಗಾದರೆ ಈ ವ್ಯವಹಾರ ನಡೆಯುವುದು ಯಾರ ದುಡ್ಡಿನಲ್ಲಿ? ಸೋಮವಾರದ ಸಂಬಳದಲ್ಲಿ. ಮೈಸೂರಿನ ದರ್ಬಾರ್ ವಿದ್ವಾಂಸರನ್ನು ಸಾಕಿತು. ಇಂದಿನ ರಾಕ್ ಸಂಗೀತವನ್ನು ಐಟಿ ಕಂಪನಿಗಳು ಸಾಕುತ್ತಿವೆ, ಪಾಪ, ಅವಕ್ಕೇ ಗೊತ್ತಿಲ್ಲದೆ. ಸಂಬಳವಿಲ್ಲದ ಹುಡುಗ ಎಷ್ಟೇ ಚೆನ್ನಾಗಿ ಬಾರಿಸಲಿ, ಎರಡನೇ ಪ್ರವಾಸಕ್ಕೆ ಉಳಿಯುವುದಿಲ್ಲ. ಉಳಿದವರು ದುಡ್ಡು ಕೇಳುವುದಿಲ್ಲ. ಕೇಳಿದರೆ ಆ ಜಾಗಕ್ಕೆ ಪುಕ್ಕಟೆ ಬರಲು ಇನ್ನೈದು ಬ್ಯಾಂಡು ಸಾಲಿನಲ್ಲಿವೆ. ಬಂಡಾಯದ ಹಾಡು ಹಾಡುವವರಲ್ಲಿ ಕೂಲಿಗಾಗಿ ಒಂದು ದಿನವೂ ಮುಷ್ಕರ ಆಗದಿರುವುದಕ್ಕೆ ಇದೇ ಕಾರಣ. ಮುಷ್ಕರ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ ಎನ್ನಿ. ಸಂಘಟಕರ ಜೇಬಿನಲ್ಲಿ ಪೆನ್‌ಡ್ರೈವ್ ಇರುತ್ತದೆ.

ಹಾಗಾಗಿ ಬ್ಯಾಂಡು ಕಟ್ಟಲು ಹೊರಟ ತಮ್ಮಂದಿರಿಗೆ ನನ್ನದೊಂದು ಸಲಹೆ. ಗಿಟಾರ್ ಆಮೇಲೆ ಕೊಳ್ಳಿ, ಮೊದಲು ಒಂದು ಜನರೇಟರ್ ಕೊಳ್ಳಿ. ಒಂದು ಗಂಟೆ ಗಂಟಲು ಹರಿಯುವಂತೆ ಹಾಡಿದರೂ ತಿರುಗಿ ನೋಡದ ಸಂಘಟಕ, ನೀವು ಸ್ವಿಚ್ಚಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರೆ ಸಾಕು, "ಸರ್, ಗೂಗಲ್ ಪೇ ನಂಬರ್ ಹೇಳಿ" ಎಂದು ಓಡಿ ಬರುತ್ತಾನೆ.